ಕಲ್ಲಿನ ದನಿ ಮತ್ತು 26 ನಿಮಿಷ: ಬಳ್ಳಾರಿಯ ಸಾಕ್ಷ್ಯಚಿತ್ರ ಸಂಗೀತಗಾರರೊಬ್ಬರ ಪ್ರಕರಣ

"ಅಣ್ಣಾ, ನಿನ್ನ ಕಲ್ಲಿನ ಸಪ್ಪಳ ಟಿವ್ಯಾಗ ಸೈಟ್ ಮಾರಾಕತ್ತೈತಿ ನೋಡು."

ಕೊಪ್ಪಳದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ ಹೀಗಂದಾಗ ಮಾಸ್ತರು ಮೊದಲು ನಕ್ಕರು. ಆಮೇಲೆ ಟಿವಿ ಹಾಕಿ ಕೂತರು. ಅರ್ಧ ಗಂಟೆ ಕಾದ ಮೇಲೆ ಬಂತು. ಯಾವುದೋ ಲೇಔಟಿನ ಜಾಹೀರಾತು. ಹಸಿರು ಹುಲ್ಲು, ನಗುವ ಕುಟುಂಬ, ಹಿಂದೆ ಟಣ್ ಎನ್ನುವ ಕಲ್ಲು. ಅದರ ಬೆನ್ನಿಗೆ ಒಬ್ಬ ಮುದುಕಿಯ ಬೀಸುವ ಪದದ ಎರಡು ಎಳೆ. ಎರಡನ್ನೂ ರೆಕಾರ್ಡ್ ಮಾಡಿದವನು ನಾನು. ಹಾಗಾಗಿ ಈ ಪ್ರಕರಣವನ್ನು ದೂರ ನಿಂತು ಬರೆಯೋದು ನನ್ನಿಂದಾಗದು. ಇದರಲ್ಲಿ ನನ್ನ ತಪ್ಪೂ ಇದೆ.

ಮಾಸ್ತರ ಹೆಸರು ಇಲ್ಲಿ ಬೇಡ. ಕೌಲ್‌ಬಜಾರಿನಲ್ಲಿ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಾರೆ, ಅದಕ್ಕೇ ಮಾಸ್ತರು. ಹದಿನಾಲ್ಕನೇ ವಯಸ್ಸಿಗೆ ಬಯಲಾಟದಲ್ಲಿ ಹಾರ್ಮೋನಿಯಂ ಹಿಡಿದವರು. ಆಮೇಲೆ ಗಣೇಶನ ಹಬ್ಬದ ಆರ್ಕೆಸ್ಟ್ರಾ, ಜೀನ್ಸ್ ಅಂಗಡಿಗಳಿಗೆ ಕೇಬಲ್ ಟಿವಿ ಜಾಹೀರಾತು. ಗಣಿಧೂಳಿನ ಬಗ್ಗೆ ಒಂದು ಸಂಸ್ಥೆ ಮಾಡಿದ ಹತ್ತು ನಿಮಿಷದ ಚಿತ್ರಕ್ಕೆ ಹೆಚ್ಚುಕಮ್ಮಿ ಪುಕ್ಕಟೆ ಸಂಗೀತ ಕೊಟ್ಟರು. ಆ ಚಿತ್ರದ ಎಡಿಟರ್ ಇವರನ್ನು ನೆನಪಿಟ್ಟುಕೊಂಡ. ಮೂರು ವರ್ಷದ ಮೇಲೆ ಅವನೇ ಬೆಂಗಳೂರಿನ ಒಬ್ಬ ನಿರ್ದೇಶಕಿಗೆ ನಂಬರ್ ಕೊಟ್ಟ. ಸಾಕ್ಷ್ಯಚಿತ್ರದ ಕೆಲಸ ಹೀಗೇ ಬರೋದು, ಹೆಚ್ಚಾಗಿ ಎಡಿಟರ್‌ಗಳ ಬಾಯಿಂದ. ವಿಸಿಟಿಂಗ್ ಕಾರ್ಡಿನಿಂದ ಬಂದದ್ದನ್ನು ನಾನಂತೂ ಕಂಡಿಲ್ಲ.

ಕೆಲಸ ಏನಿತ್ತು

ಟಿವಿಯ ಅರ್ಧ ಗಂಟೆಯ ಸ್ಲಾಟಿಗೆ 26 ನಿಮಿಷದ ಚಿತ್ರ. ವಿಷಯ ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳು. ಹೊಸ ಶಿಲಾಯುಗದ ಜನ ದನ ಕಟ್ಟಿ, ಬೇಸಾಯ ಮಾಡಿ, ಕಲ್ಲಿನ ಕೊಡಲಿ ತಯಾರಿಸಿ ಬಾಳಿದ ಜಾಗ ಅದು. ಅಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟ್ ನಡುವೆ ಡಾಲರೈಟ್ ಎಂಬ ಕಪ್ಪು ಶಿಲೆಯ ಉದ್ದನೆಯ ಪಟ್ಟಿ ಹಾದು ಹೋಗುತ್ತದೆ. ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು, ಮನುಷ್ಯರನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. 1892ರಷ್ಟು ಹಿಂದೆಯೇ ಎಫ್. ಫಾಸೆಟ್ ಎಂಬ ಬ್ರಿಟಿಷರು ಈ ಚಿತ್ರಗಳ ಬಗ್ಗೆ ಬರೆದಿದ್ದರು. 2004ರಲ್ಲಿ ನಿಕೋಲ್ ಬೋಯ್ವಿನ್ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದಾಗ ಹೊರಗಿನವರ ಕಿವಿ ಇನ್ನೊಂದು ಸಂಗತಿಯ ಕಡೆ ತಿರುಗಿತು. ಇಲ್ಲಿನ ಕೆಲವು ಬಂಡೆಗಳು ಹೊಡೆದರೆ ಗಂಟೆಯಂತೆ ನಾದ ಕೊಡುತ್ತವೆ. ಹೊಡೆದು ಹೊಡೆದು ಬಿದ್ದ ಗುಳಿಗಳೂ ಅವುಗಳ ಮೇಲಿವೆ. ಆ ಕಾಲದ ಜನ ಅವನ್ನು ಬೇಕೆಂದೇ ಬಾರಿಸಿರಬಹುದು ಅನ್ನೋದು ಸಂಶೋಧಕರ ಊಹೆ.

ಸಂಗೀತಗಾರನಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುತ್ತಾ? ಮಾಸ್ತರು ಫೋನಿನಲ್ಲೇ ಒಪ್ಪಿಬಿಟ್ಟರು. "ಪ್ಯಾಕೇಜ್ 80 ಸಾವಿರ, ಎಲ್ಲಾ ಸೇರಿ" ಅಂತ ವಾಟ್ಸಾಪ್ ಬಂತು. ಇವರು ಒಂದು ನಮಸ್ಕಾರದ ಚಿಹ್ನೆ ಕಳಿಸಿದರು. ಅಷ್ಟೇ ಕರಾರು.

ಗುಡ್ಡದ ಮೇಲೆ

ಬೆಳಗಿನ ಐದೂವರೆಗೆ ಹಿರೇಗುಡ್ಡ ಹತ್ತಿದೆವು. ಆ ಹೊತ್ತನ್ನೇ ಆರಿಸಲು ಕಾರಣವಿತ್ತು. ಹೊತ್ತು ಏರಿದರೆ ಗಾಳಿ ಏಳುತ್ತದೆ, ಕೆಳಗೆ ಲಾರಿಗಳ ಓಡಾಟ ಶುರುವಾಗುತ್ತದೆ. ಮೈಕಿಗೆ ತುಪ್ಪಳದ ಹೊದಿಕೆ ಹಾಕಿದ್ದರೂ ಲಾರಿಯ ಗುಡುಗು ತಡೆಯೋಕಾಗಲ್ಲ.

ಎಲ್ಲ ಕಲ್ಲೂ ನುಡಿಯುವುದಿಲ್ಲ. ಬಂಡೆ ಮಣ್ಣಿನಲ್ಲಿ ಹೂತಿದ್ದರೆ ಬರೀ ದಪ್ ಅನ್ನುತ್ತದೆ. ಬೇರೆ ಬಂಡೆಗಳ ಮೇಲೆ ಎರಡು ಮೂರು ಕಡೆ ಮಾತ್ರ ತಾಗಿ ಕೂತಿದ್ದರೆ ಇಡೀ ಬಂಡೆ ಕಂಪಿಸಲು ಜಾಗ ಸಿಗುತ್ತದೆ, ಆಗ ಟಣ್. ಶಿಲೆಯೂ ಗಟ್ಟಿಯಾಗಿ, ಸಣ್ಣ ಕಣದ್ದಾಗಿರಬೇಕು. ಡಾಲರೈಟ್ ಹಾಗಿದೆ.

ಹೊಡೆಯಲು ಸುತ್ತಿಗೆ ತರಬಾರದು ಅಂತ ಮೊದಲೇ ಮಾತಾಗಿತ್ತು. ಹೊಳೆಯಿಂದ ತಂದ ದುಂಡು ಕಲ್ಲು ಸಾಕು, ಚಿತ್ರವಿರುವ ಬಂಡೆಯ ಹತ್ತಿರ ಹೋಗಲೇಬಾರದು, ಒಂದೊಂದಕ್ಕೆ ನಾಲ್ಕೇ ಪೆಟ್ಟು. ಮಿಕ್ಕಿದ್ದೆಲ್ಲ ಕಂಪ್ಯೂಟರಿನಲ್ಲಿ. ಈ ಗುಡ್ಡಗಳು ಕಲ್ಲು ಗಣಿಯಿಂದಲೂ, ಹೆಸರು ಕೆತ್ತುವ ಜನರಿಂದಲೂ ಸಾಕಷ್ಟು ಪೆಟ್ಟು ತಿಂದಿವೆ, ನಾವೂ ಯಾಕೆ ಸೇರೋದು?

ನನ್ನ ತಪ್ಪು ಆಗಿದ್ದು ಇಲ್ಲೇ. ರೆಕಾರ್ಡರನ್ನು ಟಿವಿ ಕೆಲಸಕ್ಕೆ ಯಾವಾಗಲೂ ಇಡುವ 48 ಕಿಲೋಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆದು ಬರೆದುಕೊಳ್ಳುವ ಲೆಕ್ಕದಲ್ಲೇ ಬಿಟ್ಟಿದ್ದೆ. ಮಾಸ್ತರಿಗೆ ಆ ನಾದವನ್ನು ಅರ್ಧ ವೇಗಕ್ಕೆ ಇಳಿಸಿ ಒಂದು ಸಪ್ತಕ ಕೆಳಗೆ ತರಬೇಕಿತ್ತು. ಇಳಿಸಿದಾಗ ಮೇಲಿನ ಮಿಣುಕು ಪೂರಾ ಸತ್ತು, ಕಂಬಳಿ ಹೊದ್ದ ಹಾಗಾಯಿತು. 96ರಲ್ಲಿ ಹಿಡಿದಿದ್ದರೆ ಅರ್ಧಕ್ಕೆ ಇಳಿಸಿದರೂ 48ರ ಪೂರ್ತಿ ಹರವು ಉಳಿಯುತ್ತಿತ್ತು. ವಾರದ ಮೇಲೆ ಮತ್ತೆ ಕಾರು, ಮತ್ತೆ ಗುಡ್ಡ. ಆ ಖರ್ಚೂ ಮಾಸ್ತರ ಪ್ಯಾಕೇಜಿಗೇ ಬಿತ್ತು.

ಮನೆಗೆ ಬಂದ ಮೇಲೆ ಇನ್ನೊಂದು ತೊಡಕು. ಅತಿ ಚೆನ್ನಾಗಿ ನುಡಿದ ಕಲ್ಲಿನ ಸ್ವರ ಹಾರ್ಮೋನಿಯಂನ ಕರಿ ಎರಡಕ್ಕೂ ಬಿಳಿ ಮೂರಕ್ಕೂ ನಡುವೆ ಎಲ್ಲೋ ಕೂತಿತ್ತು. ಕಂಪ್ಯೂಟರಿನಲ್ಲಿ ಎಳೆದು ಬಿಳಿ ಮೂರಕ್ಕೆ ತರಬಹುದಿತ್ತು, ಐದು ನಿಮಿಷದ ಕೆಲಸ. ಮಾಸ್ತರು ಒಪ್ಪಲಿಲ್ಲ. "ಅದು ನಮಗಿಂತ ಹಿರೀದು. ನಾವೇ ಅದರ ಶ್ರುತಿಗೆ ಹೋಗೋಣ" ಅಂದರು. ಕೀಬೋರ್ಡ್ ಶ್ರುತಿ ಬದಲಾಯಿಸುವುದು ಸುಲಭ, ತಂಬೂರಿಯೂ ಸುಲಭ. ಕೊಳಲಿನವರು ಮಾತ್ರ ಪಾಡು ಪಟ್ಟರು. ಬಿದಿರಿಗೆ ಬಿರಡೆ ಇರಲ್ಲವಲ್ಲ! ಹತ್ತಿರದ ಕೊಳಲು ಹಿಡಿದು, ತುಟಿ ತಿರುಗಿಸಿ, ಒಂದೊಂದು ಸ್ವರವನ್ನೂ ಸರಿಸಿ ನುಡಿಸಿದರು. ಅದರಿಂದ ಕೊಳಲಿಗೆ ಒಂದು ಥರದ ಅಳುಕು ಬಂತು, ನಮ್ಮ ಪುಣ್ಯಕ್ಕೆ ಚಿತ್ರಕ್ಕೆ ಅದೇ ಒಪ್ಪಿತು.

ಬೀಸುವ ಪದದ ಐಡಿಯಾವೂ ಮಾಸ್ತರದ್ದೇ. ಕೊಡಲಿ ಮಸೆದ ಕಲ್ಲು, ನುಡಿಯುವ ಕಲ್ಲು, ಅದಾದ ಮೇಲೆ ಮನೆಯೊಳಗಿನ ಬೀಸುಕಲ್ಲು. ಸಂಡೂರಿನ ಕಡೆಯ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಅವ್ವ ಒಬ್ಬರು ಹಾಡಿದರು. ನಿಜವಾದ ಬೀಸುಕಲ್ಲು ತಿರುಗಿಸುತ್ತಲೇ ಹಾಡಬೇಕು, ಸುಮ್ನೆ ಕೂತು ಬರಲ್ಲ ಅಂದರು. ಜೋಳ ಹಾಕಿಸಿದೆವು. ಅವರ ಉಸಿರು ಎಲ್ಲಿ ಕಡಿಯುತ್ತದೋ ಅಲ್ಲಿ ಕಲ್ಲಿನ ಗರಗರ ಮುಂದಕ್ಕೆ ಬರುತ್ತಿತ್ತು. ತಾಳ ಹಾಕುವವರು ಬೇಕಾಗಲೇ ಇಲ್ಲ. ಮಾಸ್ತರು 5 ಸಾವಿರ ಕೈಗಿಟ್ಟರು. ಕಾಗದಕ್ಕೆ ಸಹಿ ಮಾಡಿಸಲಿಲ್ಲ.

ಟೆಂಪ್ ಟ್ರ್ಯಾಕ್ ಎಂಬ ಸವತಿ

ಸಂಗೀತ ಬರುವ ಮೊದಲು ಎಡಿಟರ್‌ಗಳು ಸಿದ್ಧ ಸಂಗೀತ ಯಾವುದನ್ನಾದರೂ ತಾತ್ಕಾಲಿಕವಾಗಿ ಚಿತ್ರದ ಕೆಳಗೆ ಹಾಕಿ ಕತ್ತರಿಸುತ್ತಾರೆ. ಅದೇ ಟೆಂಪ್ ಟ್ರ್ಯಾಕ್. ಇಲ್ಲಿ ಹಾಕಿದ್ದು ವಿದೇಶದ ದೊಡ್ಡ ವಾದ್ಯವೃಂದದ್ದು, ನೂರು ಜನ ಕೂತು ನುಡಿಸಿದ ಸಂಗೀತ. ಎರಡು ತಿಂಗಳು ಅದನ್ನೇ ಕೇಳಿ ಕೇಳಿ ನಿರ್ದೇಶಕಿಗೆ ಚಿತ್ರವೆಂದರೆ ಆ ಸಂಗೀತವೇ ಆಗಿಹೋಗಿತ್ತು. ಕೌಲ್‌ಬಜಾರಿನ ಕೋಣೆಯಿಂದ ಬಂದ ಮೊದಲ ಕರಡು ಕೇಳಿ "ಚೆನ್ನಾಗಿದೆ ಸರ್, ಆದ್ರೆ ಸ್ವಲ್ಪ ಚಿಕ್ಕದು ಅನ್ಸುತ್ತೆ" ಅಂದರು.

ಈ ಮಾತು ಕೇಳದ ಸಾಕ್ಷ್ಯಚಿತ್ರ ಸಂಗೀತಗಾರ ಇಲ್ಲ. ಹೆಚ್ಚಿನವರು ಆಗ ತಂತಿವಾದ್ಯದ ಸ್ಯಾಂಪಲ್ ಪ್ಯಾಕ್, ಅಂದರೆ ಕಂಪ್ಯೂಟರಿನಲ್ಲಿ ನುಡಿಸಲು ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳ ಕಟ್ಟು, ಕೊಂಡು ದೊಡ್ಡದು ಮಾಡಲು ಹೊರಡುತ್ತಾರೆ. ಮಾಸ್ತರೂ ಹೊರಟರು, 14 ಸಾವಿರ ಕೊಟ್ಟರು. ಎರಡನೇ ಕರಡು ದೊಡ್ಡದಾಗಿತ್ತು, ಮತ್ತು ಕೆಟ್ಟದಾಗಿತ್ತು. ನಾನು ಮುಖಕ್ಕೇ ಹೇಳಿದೆ, ಎರಡು ದಿನ ಮಾತು ಬಿಟ್ಟರು.

ಮೂರನೇ ದಿನ ರಾತ್ರಿ ಇಬ್ಬರೂ ಕೂತು ಆರಂಭದ ದೃಶ್ಯವನ್ನು ಹತ್ತಿಪ್ಪತ್ತು ಸಲ ನೋಡಿದೆವು. ಸೂರ್ಯ ಹುಟ್ಟುತ್ತಾನೆ, ಒಂದು ಕೈ ದುಂಡು ಕಲ್ಲು ಎತ್ತುತ್ತದೆ, ಬಂಡೆಗೆ ತಾಗಿಸುತ್ತದೆ. ಸರಿಯಾಗಿ ಆ ಕ್ಷಣಕ್ಕೆ ನಿರೂಪಕರ ದನಿ: ಸಾವಿರಾರು ವರ್ಷಗಳ ಹಿಂದೆ ಈ ಬೆಟ್ಟದಲ್ಲಿ ನಾದವೊಂದು ಮೊಳಗುತ್ತಿತ್ತು, ಅಂತ ಏನೋ. ನಾದ ಮೊಳಗುತ್ತಿತ್ತು ಅಂತ ಹೇಳಿ ಹೇಳಿಯೇ ನಾದ ಕೇಳದ ಹಾಗೆ ಮಾಡಿದ್ದರು!

ಇದರ ಹಿಂದೆ ಕಿವಿಯ ಲೆಕ್ಕವೂ ಇದೆ. ಮಾತಿನ ಸ್ಪಷ್ಟತೆ, ಅದರಲ್ಲೂ ವ್ಯಂಜನಗಳ ಅಂಚು, ಹೆಚ್ಚಾಗಿ ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್ ನಡುವೆ ಕೂರುತ್ತದೆ. ನಮ್ಮ ಕಲ್ಲಿನ ಬಲವಾದ ನಾದವೂ ಎರಡು ಸಾವಿರದ ಆಸುಪಾಸಿನಲ್ಲೇ ಇತ್ತು. ಎರಡೂ ಒಂದೇ ಕುರ್ಚಿಗೆ ಬಂದು ಕೂತಂತೆ. ಮಿಕ್ಸಿಂಗ್‌ನಲ್ಲಿ ಮಾತನ್ನೇ ಉಳಿಸಬೇಕು, ಹಾಗಾಗಿ ಕಲ್ಲು ತಗ್ಗುತ್ತದೆ. ತಗ್ಗಿದ ಕಲ್ಲು ಚಮಚ ತಟ್ಟೆಗೆ ತಾಗಿದಂತೆ ಕೇಳುತ್ತದೆ. ಸಂಗೀತವನ್ನೇ ಜೋರು ಮಾಡೋಣ ಅಂದರೆ ಅದೂ ಆಗದು. ಚಾನೆಲ್ಲಿನವರು ಇಡೀ ಕಾರ್ಯಕ್ರಮ ಮೈನಸ್ 23 ಲಫ್ಸ್ ಎಂಬ ಸರಾಸರಿ ಜೋರಿಗೆ ಇರಬೇಕು ಅಂತ ಬರೆದು ಕೊಟ್ಟಿದ್ದರು. ಒಂದನ್ನು ಏರಿಸಿದರೆ ಇನ್ನೊಂದು ಇಳಿಯಬೇಕು.

ಅಂದರೆ ನಿರ್ದೇಶಕಿಗೆ ಕಾಡುತ್ತಿದ್ದ ಚಿಕ್ಕತನ ವಾದ್ಯಗಳ ಕೊರತೆಯದ್ದಲ್ಲ, ಮಾತಿನ ದಟ್ಟಣೆಯದ್ದು. ವಿದೇಶದ ಆ ವಾದ್ಯವೃಂದ ಮಾತಿನ ಕೆಳಗೂ ದೊಡ್ಡದಾಗಿ ಕೇಳುತ್ತಿತ್ತು. ಕಾರಣ, ಅದರ ಬಲವೆಲ್ಲ ಮಂದ್ರದ ಚೆಲ್ಲೋ, ಬಾಸ್‌ಗಳಲ್ಲಿ ಇತ್ತು, ಮಾತಿಗೆ ಅಡ್ಡ ಬರುತ್ತಿರಲಿಲ್ಲ. ಕಲ್ಲಿಗೆ ಆ ಅನುಕೂಲ ಇಲ್ಲ.

ಮಾಸ್ತರು ಹೊಸ ಸಂಗೀತ ಬರೆಯಲಿಲ್ಲ. ನಿರೂಪಣೆಯ ಪ್ರತಿ ತೆರೆದು ಹನ್ನೊಂದು ವಾಕ್ಯಗಳಿಗೆ ಗೆರೆ ಎಳೆದರು. ಸಂಗೀತದವನು ಬರಹಕ್ಕೆ ಕೈ ಹಾಕಿದರೆ ಜಗಳ ಖಾತ್ರಿ ಅಂತ ನಾನು ಹೆದರಿದೆ. ಅವರು ಜಗಳಕ್ಕೆ ಹೋಗಲಿಲ್ಲ, ಎರಡು ವಿಡಿಯೋ ಕಳಿಸಿದರು. ಒಂದರಲ್ಲಿ ಮಾತು ಇದ್ದಂತೆ. ಇನ್ನೊಂದರಲ್ಲಿ ಆರಂಭದ 42 ಸೆಕೆಂಡ್ ಮಾತೇ ಇಲ್ಲ, ಕಲ್ಲು ನಾಲ್ಕು ಸಲ, ಅರ್ಧ ವೇಗದ ಅದೇ ಕಲ್ಲು ಕೆಳಗೆ, ಅಷ್ಟೇ. ಜೊತೆಗೆ ಒಂದು ಸಾಲು: "ಮೇಡಂ, ಹೆಡ್‌ಫೋನ್ ಹಾಕ್ಕೊಂಡು ನೋಡಿ. ಹನ್ನೊಂದರಲ್ಲಿ ನಿಮಗೆ ಬೇಕಾದ್ದು ಉಳಿಸ್ಕೊಳ್ಳಿ."

ಮೇಡಂ ನಾಲ್ಕು ವಾಕ್ಯ ಉಳಿಸಿಕೊಂಡು ಏಳು ಕಿತ್ತುಹಾಕಿದರು. ಮೊದಲು 14 ನಿಮಿಷ ಸಂಗೀತ ಬೇಕು ಅಂದಿದ್ದು ಕೊನೆಗೆ 9 ನಿಮಿಷಕ್ಕೆ ಬಂತು. ಕೊಂಡ ಸ್ಯಾಂಪಲ್ ಪ್ಯಾಕಿನ ಒಂದು ಸ್ವರವೂ ಚಿತ್ರದಲ್ಲಿಲ್ಲ. ಚಿತ್ರ ಪ್ರಸಾರವಾದ ಮೇಲೆ ನೋಡಿದವರು ಮಾತಾಡಿದ್ದು ಆ 42 ಸೆಕೆಂಡಿನ ಬಗ್ಗೆಯೇ.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಸಾಕ್ಷ್ಯಚಿತ್ರದ ಸಂಗೀತಗಾರನನ್ನು ಕೊನೆಗೆ ಕರೆಯೋದೇ ತಪ್ಪು. ದೃಶ್ಯ ಲಾಕ್ ಆಗಿ, ಮಾತು ರೆಕಾರ್ಡ್ ಆಗಿ, ಉಳಿದ ಸಂದಿಗೊಂದಿಗೆ ಗಾರೆ ಮೆತ್ತುವ ಹಾಗೆ ಸಂಗೀತ ತುಂಬು ಅಂತಾರೆ. ಮಾಸ್ತರ ಕಸುಬಿಗೆ ತಿರುವು ಸಿಕ್ಕಿದ್ದು ರಾಗದಿಂದಲ್ಲ, ಆ ಹನ್ನೊಂದು ಗೆರೆಗಳಿಂದ.

ಪ್ಯಾಕೇಜಿನ ಲೆಕ್ಕ

ಕೊಳಲು 8 ಸಾವಿರ. ಹಲಗೆ 5. ಅವ್ವನಿಗೆ 5. ನನಗೆ 6, ಅದೂ ಅರ್ಧ ದರ. ಎರಡು ಸಲದ ಕಾರು 5. ಸ್ಯಾಂಪಲ್ ಪ್ಯಾಕ್ 14. ಮಿಕ್ಸಿಂಗಿಗೆ ಬೆಂಗಳೂರಿಗೆ ಹೋಗಿ ಬಂದ ರೈಲು, ಲಾಡ್ಜ್, ಊಟ 6. ಒಟ್ಟು 49 ಸಾವಿರ. ಉಳಿದದ್ದು 31 ಸಾವಿರ, ಅದರಲ್ಲೂ 8 ಸಾವಿರ ಟಿಡಿಎಸ್ ಹಿಡಿದರು. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ ನಿಜ, ಆದರೆ ಆ ತಿಂಗಳ ಬಾಡಿಗೆಗೆ ಬರಲ್ಲ. ಕೆಲಸ ಮಾಡಿದ್ದು 32 ದಿನ. ದಿನಕ್ಕೆ ಸಾವಿರವೂ ಬೀಳಲಿಲ್ಲ. ಎರಡನೇ ಕಂತು ಬಂದದ್ದು ಪ್ರಸಾರವಾಗಿ ನಾಲ್ಕು ತಿಂಗಳ ಮೇಲೆ.

ಪ್ಯಾಕೇಜ್ ಎಂಬ ಪದದ ಅಪಾಯ ಇಷ್ಟೇ: ಸಂಗೀತಗಾರನ ಕೂಲಿ, ವಾದ್ಯದವರ ಕೂಲಿ, ಖರ್ಚು, ಹಕ್ಕು ಎಲ್ಲವನ್ನೂ ಅದು ಒಂದೇ ಚೀಲಕ್ಕೆ ತುಂಬುತ್ತದೆ. ಒಳ್ಳೆಯ ಕೊಳಲಿನವರನ್ನು ಕರೆದಷ್ಟೂ ಮಾಸ್ತರಿಗೆ ಉಳಿಯೋದು ಕಮ್ಮಿ. ಚೆನ್ನಾಗಿ ಮಾಡಿದ್ದಕ್ಕೇ ದಂಡ.

ಸೈಟ್ ಮಾರಿದ ಕಲ್ಲು

ಈಗ ಆ ಜಾಹೀರಾತಿಗೆ ಬರೋಣ. ಪ್ರಸಾರವಾಗಿ ಏಳು ತಿಂಗಳಾಗಿತ್ತು. ಚಿತ್ರ ನಿರ್ಮಿಸಿದ ಸಂಸ್ಥೆಯೇ ಲೇಔಟಿನವರಿಗೆ ಜಾಹೀರಾತನ್ನೂ ಮಾಡಿಕೊಟ್ಟಿತ್ತು. ಹಾರ್ಡ್‌ಡಿಸ್ಕಿನಲ್ಲಿ ಸಂಗೀತದ ಬಿಡಿ ಟ್ರ್ಯಾಕ್‌ಗಳು ಇದ್ದವು, ಎತ್ತಿ ಹಾಕಿದರು. "ಪ್ಯಾಕೇಜ್ ಅಂದ್ರೆ ಎಲ್ಲಾ ನಮ್ದೇ ಅಲ್ವಾ ಸರ್?" ಅನ್ನೋದು ಅವರ ಉತ್ತರ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ನಿರ್ದೇಶಕಿಗೆ ಇದು ಗೊತ್ತೇ ಇರಲಿಲ್ಲ.

ಮಾಸ್ತರ ಸೋದರಮಾವ ಬಳ್ಳಾರಿ ಕೋರ್ಟಿನಲ್ಲಿ ವಕೀಲರು. ಅವರು ಮೊದಲು ಕೇಳಿದ್ದು "ಸಹಿ ಮಾಡಿದ ಕಾಗದ ಎಲ್ಲೈತಪ್ಪಾ?" ಇಲ್ಲ ಅಂದಾಗ ಮಾಸ್ತರು ತಲೆ ತಗ್ಗಿಸಿದರು, ಮಾವ ತಲೆ ಎತ್ತಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಬರಹದಲ್ಲಿ ಇಲ್ಲದೆ, ಹಕ್ಕು ಕೊಡುವವರ ಸಹಿ ಇಲ್ಲದೆ ಹಕ್ಕಿನ ವರ್ಗಾವಣೆ ಆಗುವುದೇ ಇಲ್ಲ. ಬರೆದಿದ್ದರೂ ಅವಧಿ ಹೇಳದಿದ್ದರೆ ಐದು ವರ್ಷ, ಯಾವ ಪ್ರದೇಶ ಅಂತ ಹೇಳದಿದ್ದರೆ ಭಾರತದೊಳಗೆ ಮಾತ್ರ.

ಹಳೆಯ ಕಾಲದಲ್ಲಿ ನಿರ್ಮಾಪಕರ ಮಾತಿಗೆ ಬಲ ಇತ್ತು. 1977ರಲ್ಲಿ ಸುಪ್ರೀಂ ಕೋರ್ಟ್, ಚಿತ್ರಕ್ಕಾಗಿ ಹಣ ಕೊಟ್ಟು ಮಾಡಿಸಿದ ಸಂಗೀತದ ಮೊದಲ ಒಡೆಯ ನಿರ್ಮಾಪಕನೇ ಅಂದಿತ್ತು, ಬೇರೆ ಕರಾರು ಇಲ್ಲದಿದ್ದರೆ. 2012ರ ತಿದ್ದುಪಡಿ ಅದನ್ನು ತಿರುಗಿಸಿತು. ಚಿತ್ರದೊಳಗೆ ಸೇರಿದ ಸಂಗೀತದಲ್ಲಿ ಅದನ್ನು ರಚಿಸಿದವರ ಹಕ್ಕು ಉಳಿಯುತ್ತದೆ. ಸಿನಿಮಾ ಮಂದಿರದಲ್ಲಿ ಚಿತ್ರದ ಜೊತೆ ತೋರಿಸುವುದು ಬಿಟ್ಟು ಬೇರೆ ಬಳಕೆಗಳ ರಾಯಲ್ಟಿಯಲ್ಲಿ ಅವರಿಗೆ ಸಮಪಾಲು. ಆ ಪಾಲನ್ನು ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಆಗುವುದಿಲ್ಲ.

ಆದರೆ ಅದೇ ಬೆರಳು ಮಾಸ್ತರ ಕಡೆಗೂ ತಿರುಗಿತು. "ಆ ಅವ್ವನ ಸಹಿ ಎಲ್ಲೈತಿ?" ಬೀಸುವ ಪದ ಊರಿನದು, ಅದಕ್ಕೆ ಒಬ್ಬ ಒಡೆಯ ಇಲ್ಲ. ಹಾಡಿದ ದನಿಗೆ ಒಡತಿ ಇದ್ದಾಳೆ. ಹಾಡುಗಾರರ ಹಕ್ಕು ಅಂತ ಕಾಯ್ದೆಯಲ್ಲಿ ಬೇರೆಯೇ ಇದೆ, ಐವತ್ತು ವರ್ಷ ಬಾಳುತ್ತದೆ. ಹೆಸರು ಹಾಕಿಸಿಕೊಳ್ಳುವ ಹಕ್ಕೂ ಅದರ ಜೊತೆಗಿದೆ. ಚಿತ್ರದ ಕೊನೆಯ ಪಟ್ಟಿಯಲ್ಲಿ ಆಕೆಯ ಹೆಸರು ಇರಲಿಲ್ಲ. "ಜಾನಪದ" ಅಂತ ಇತ್ತು. ಪಟ್ಟಿ ಕಳಿಸಿದ್ದು ಮಾಸ್ತರೇ. ಬೆಂಗಳೂರಿನವರು ತಮಗೆ ಮಾಡಿದ್ದನ್ನೇ ತಾವು ಅವ್ವನಿಗೆ ಮಾಡಿದ್ದು ಅವರಿಗೆ ಜಾಹೀರಾತಿಗಿಂತ ಜಾಸ್ತಿ ಚುಚ್ಚಿತು. ಮುಂದಿನ ಮಾತಿಗೆ ಮೊದಲು ಬಸ್ ಹತ್ತಿ ಆ ಹಳ್ಳಿಗೆ ಹೋಗಿ ಬಂದರು.

ಕೋರ್ಟಿಗೆ ಹೋಗಲಿಲ್ಲ. ಹೋಗಿದ್ದರೆ ಮುಂದಿನ ಕೆಲಸ ಇರುತ್ತಿರಲಿಲ್ಲ ಅಂತ ಮಾಸ್ತರು, ಹೋಗಿದ್ದರೆ ಒಂದು ದಾರಿ ಆಗುತ್ತಿತ್ತು ಅಂತ ನಾನು. ಈಗಲೂ ನಮ್ಮಿಬ್ಬರಿಗೆ ಒಪ್ಪಿಗೆ ಇಲ್ಲ. ಮಾವನ ಒಂದು ಪುಟದ ನೋಟಿಸಿಗೆ ಎರಡು ವಾರದಲ್ಲಿ ಜಾಹೀರಾತು ನಿಂತಿತು. ಅಲ್ಲಿಯವರೆಗಿನ ಬಳಕೆಗೆ 60 ಸಾವಿರ ಬಂತು. ಅದರಲ್ಲಿ 20 ಅವ್ವನಿಗೆ. ಆಕೆ ನೋಟು ಎಣಿಸದೆ ಸೆರಗಿಗೆ ಕಟ್ಟಿಕೊಂಡು, "ಜೋಳ ಬೀಸಿದ್ರ ಯಾರೂ ಇಷ್ಟು ಕೊಡಲಿಲ್ಲ ತಮ್ಮಾ" ಅಂದರಂತೆ. ಚಿತ್ರದ ಹೊಸ ಪ್ರತಿಯಲ್ಲಿ ಅವರ ಹೆಸರಿದೆ.

26 ನಿಮಿಷದ ಚಿತ್ರ ಕೊಟ್ಟದ್ದಕ್ಕಿಂತ 30 ಸೆಕೆಂಡಿನ ಜಾಹೀರಾತು ಮಾಸ್ತರಿಗೆ ಜಾಸ್ತಿ ಕೊಟ್ಟಿತು ಅನ್ನೋದನ್ನು ನಾನು ಅವರಿಗೆ ಆಗಾಗ ನೆನಪಿಸುತ್ತೇನೆ. ಅವರಿಗೆ ಅದು ತಮಾಷೆ ಅನಿಸಲ್ಲ.

ಈಗ

ಅದಾದ ಮೇಲೆ ಮಾಸ್ತರು ಐಪಿಆರ್‌ಎಸ್ ಸದಸ್ಯರಾದರು. 1969ರಲ್ಲಿ ಶುರುವಾದ ಸಂಘ ಅದು, ಸಂಗೀತ ರಚಿಸಿದವರ, ಸಾಹಿತ್ಯ ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡುತ್ತದೆ. ಸದಸ್ಯರಾದರಷ್ಟೇ ಸಾಲದು, ಯಾವ ತುಣುಕು, ಎಷ್ಟು ಸೆಕೆಂಡ್, ಯಾರು ರಚಿಸಿದ್ದು ಅಂತ ಕ್ಯೂ ಶೀಟ್ ಬೇಕು. ಕಲ್ಲಿನ ಚಿತ್ರದ್ದನ್ನು ನಾವಿಬ್ಬರೂ ಕೂತು ಒಂದು ಭಾನುವಾರ ಬರೆದೆವು. ಹನ್ನೊಂದು ತುಣುಕು. ಇದುವರೆಗೆ ಬಂದ ದುಡ್ಡು ಹೇಳಿಕೊಳ್ಳುವಷ್ಟಿಲ್ಲ. ಪ್ಯಾಕೇಜ್ ಅನ್ನುವವರಿಗೆ ಈಗ ಎರಡು ಚೀಟಿ ಹೋಗುತ್ತವೆ, ಒಂದು ಅವರ ಕೂಲಿಗೆ, ಇನ್ನೊಂದು ವಾದ್ಯದವರಿಗೂ ಖರ್ಚಿಗೂ. ಒಬ್ಬಿಬ್ಬರು ಇದರಿಂದ ಕೈಬಿಟ್ಟರು, ಚಂದಾ ಕೊಟ್ಟರೆ ಸಿಗುವ ಸಿದ್ಧ ಸಂಗೀತದ ಕಡೆ ಹೋದರು.

ಅದೇ ನಿರ್ದೇಶಕಿ ಹೋದ ತಿಂಗಳು ಫೋನ್ ಮಾಡಿದ್ದರು. ಈ ಸಲ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್. ಅಲ್ಲಿನ ಮೋರ್ಯರ ಗುಡ್ಡದಲ್ಲಿ ನೂರಾರು ಶಿಲಾ ಸಮಾಧಿಗಳಿವೆ, ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ದೊಡ್ಡ ಕಲ್ಲೂ ಇದೆ. ಮಾಸ್ತರು ದುಡ್ಡಿನ ಮಾತಿಗೂ ಮೊದಲು, ಮಾತು ರೆಕಾರ್ಡ್ ಮಾಡುವ ಮುಂಚೆ ನಿರೂಪಣೆಯ ಕರಡು ಕಳಿಸಿ ಅಂದರು. ಎರಡು ದಿನಕ್ಕೆ ಬಂತು. ಆರು ಪುಟ. ಮೂರನೇ ಪುಟದ ನಡುವೆ ಅರ್ಧ ಪುಟ ಖಾಲಿ ಬಿಟ್ಟು ಪೆನ್ಸಿಲಿನಲ್ಲಿ ಬರೆದಿದ್ದರು: "ಇಲ್ಲಿ ನಗಾರಿ. ನಾವು ಮಾತಾಡಲ್ಲ."

ನಾನು ರೆಕಾರ್ಡರ್ ತೆಗೆದು 96ಕ್ಕೆ ಇಟ್ಟಿದ್ದೇನೆ.